ನಿಕಲ್ಸನ್ ಸಾಹೇಬರು: ಸಹಕಾರದ ಬೀಜ ಹುಡುಕಲು ದೇಶ ಸುತ್ತಿದವರು



ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕ, ಠೇವಣಿ, ಸಾಲ, ಲಾಭ ಎಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ಅದನ್ನೇ ಮತ್ತೆ ಬರೆದರೆ ಓದುವವರಿಗೆ ಬೇಸರ. ಆದ್ದರಿಂದ ಸೊಸೈಟಿ ಎಂಬುದು ನಮ್ಮ ನಾಡಿಗೆ ಬರಲು ಕಾರಣರಾದ ಒಬ್ಬರನ್ನು ಇಲ್ಲಿ ನೆನೆಯೋಣ ಅಂತ ಇದ್ದೇವೆ. ಅವರೇ ಸರ್ ಫ್ರೆಡರಿಕ್ ನಿಕಲ್ಸನ್. ಇವರ ಹೆಸರು ಕೇಳಿದವರು ನಮ್ಮೂರಲ್ಲಿ ಕಡಿಮೆ. ಆದರೆ ನಮ್ಮ ಕೈಯಲ್ಲಿರುವ ಪಾಸ್ ಪುಸ್ತಕದ ಹಿಂದೆ ಇವರ ದುಡಿಮೆಯೂ ಇದೆ.

ನಿಕಲ್ಸನ್ ಹುಟ್ಟಿದ್ದು 1846ರಲ್ಲಿ. 1869ರಲ್ಲಿ ಮದರಾಸು ಪ್ರಾಂತ್ಯದ ಸಿವಿಲ್ ಸರ್ವಿಸಿಗೆ ಸೇರಿದರು. ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತ್ಯದೊಳಗಿತ್ತು. ಅವರು ಬಂದ ಕೆಲವೇ ವರ್ಷಗಳಲ್ಲಿ 1876-78ರ ಘೋರ ಕ್ಷಾಮ ಬಡಿಯಿತು. ಮುಂದೆ ಕಲೆಕ್ಟರಾಗಿ ಜಿಲ್ಲೆಗಳನ್ನು ಆಳಿದರು. ಕೊಯಮತ್ತೂರು ಜಿಲ್ಲೆಯ ಬಗ್ಗೆ 1887ರಲ್ಲಿ ಒಂದು ದೊಡ್ಡ ಕೈಪಿಡಿಯನ್ನೇ ಬರೆದರು. ಮಣ್ಣು, ಬಾವಿ, ಬೆಳೆ, ಜಾನುವಾರು ಎಲ್ಲದರ ವಿವರ ಕೂಡಿಸಿದ ಕೆಲಸ ಅದು.

ಆ ಕಾಲದ ರೈತನ ದೊಡ್ಡ ಕಷ್ಟ ಸಾಲ. ಬೀಜಕ್ಕೂ ಸಾಲ, ಎತ್ತಿಗೂ ಸಾಲ, ಮದುವೆಗೂ ಸಾಲ. ಕೊಡುವವನು ಸಾಹುಕಾರ ಒಬ್ಬನೇ. ಬಡ್ಡಿ ಅವನು ಹೇಳಿದ್ದು, ಬರೆದದ್ದೂ ಅವನೇ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಾಹುಕಾರರ ಪತ್ರಗಳನ್ನು ಕಿತ್ತು ಸುಟ್ಟಿದ್ದು ಇದೇ ಸಂಕಟಕ್ಕೆ. ಪತ್ರ ಸುಟ್ಟರೆ ಆ ವರ್ಷದ ಕೋಪ ತಣಿಯಬಹುದು, ಮರುವರ್ಷದ ಬಿತ್ತನೆಗೆ ದುಡ್ಡು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಹುಡುಕಲು ಮದರಾಸು ಸರಕಾರ 1892ರಲ್ಲಿ ನಿಕಲ್ಸನ್ನರನ್ನು ನೇಮಿಸಿ, ಯುರೋಪಿಗೆ ಕಳಿಸಿತು.

ಅಲ್ಲಿ ಅವರ ಗಮನ ಸೆಳೆದದ್ದು ಜರ್ಮನಿಯ ರೈಫೈಸನ್ ಎಂಬವರ ಹಳ್ಳಿ ಬ್ಯಾಂಕು. ಈ ರೈಫೈಸನ್ (1818-1888) ದೊಡ್ಡ ಶ್ರೀಮಂತರೇನಲ್ಲ, ಹಳ್ಳಿಗಳ ಆಡಳಿತ ನೋಡುತ್ತಿದ್ದ ಮೇಯರ್. 1846-47ರ ಬರಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ, ಬಡವರಿಗೆ ಕಡವಾಗಿ ರೊಟ್ಟಿ ಸಿಗುವಂತೆ ಮಾಡಿದರು. ದಾನದಿಂದ ಹೊಟ್ಟೆ ಒಂದು ದಿನ ತುಂಬೀತು, ಜನ ತಮ್ಮ ಕಾಲ ಮೇಲೆ ನಿಲ್ಲಲಾರರು ಅಂತ ಅನುಭವದಿಂದ ಕಂಡುಕೊಂಡು, 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘ ಕಟ್ಟಿದರು. ಅದರ ಕ್ರಮ ಬಹಳ ಸರಳ. ಸಂಘದ ವ್ಯಾಪ್ತಿ ಒಂದೇ ಊರು, ಯಾಕೆಂದರೆ ಒಬ್ಬರ ಗುಣ ಒಬ್ಬರಿಗೆ ಗೊತ್ತಿರಬೇಕು. ಸಾಲ ದುಡಿಮೆಗೆ ಮಾತ್ರ. ಆಡಳಿತದವರಿಗೆ ಸಂಬಳವಿಲ್ಲ. ಲಾಭ ಹಂಚದೆ ನಿಧಿಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಒಬ್ಬ ತಪ್ಪಿದರೆ ಆ ಸಾಲಕ್ಕೆ ಎಲ್ಲರೂ ಹೊಣೆ.

ನಿಕಲ್ಸನ್ನರ ವರದಿ ಎರಡು ಸಂಪುಟವಾಗಿ 1895 ಮತ್ತು 1897ರಲ್ಲಿ ಹೊರಬಂತು. ಅಷ್ಟು ದೊಡ್ಡ ವರದಿಯ ಸಾರವನ್ನು ಅವರು ಕೊನೆಗೆ ಎರಡೇ ಶಬ್ದದಲ್ಲಿ ಹೇಳಿದರು. ಅದರ ಅರ್ಥ ಇಷ್ಟೇ: ಹಣವನ್ನಲ್ಲ, ರೈಫೈಸನ್ನನಂಥ ಮನುಷ್ಯನನ್ನು ಹುಡುಕಿ. ಇದು ನಮ್ಮ ಪ್ರತಿಯೊಂದು ಸಂಘದ ಬಾಗಿಲ ಮೇಲೆ ಬರೆದಿಡಬೇಕಾದ ಮಾತು.

ವರದಿ ಬಂದ ತಕ್ಷಣ ಏನೂ ಆಗಲಿಲ್ಲ. ಮತ್ತೆ ಬರ ಬಂತು. 1901ರ ಕ್ಷಾಮ ಆಯೋಗದಲ್ಲಿ ನಿಕಲ್ಸನ್ ಸದಸ್ಯರು. ಅದೇ ವರ್ಷ ಎಡ್ವರ್ಡ್ ಲಾ ಅವರ ಅಧ್ಯಕ್ಷತೆಯಲ್ಲಿ ಸಹಕಾರ ಸಂಘಗಳ ವಿಚಾರಕ್ಕೆ ಕೂತ ಸಮಿತಿಯಲ್ಲೂ ಅವರಿದ್ದರು. ಇದರ ಫಲವಾಗಿ 1904ರ ಮಾರ್ಚಿನಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಮಾಡಬಹುದು ಅಂತಾಯಿತು. ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರು ಮೊಳಹಳ್ಳಿ ಶಿವರಾಯರು. 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲಾ ಕೇಂದ್ರ ಬ್ಯಾಂಕು ಶುರುವಾದದ್ದು ಅವರ ಮುಂದಾಳುತನದಲ್ಲೇ. ನಿಕಲ್ಸನ್ ಹುಡುಕಿ ಎಂದದ್ದು ಇಂಥವರನ್ನೇ. ಸಾಹೇಬರು ಬರೆದದ್ದು ಕಾಗದದ ಮೇಲೆ. ಮನೆ ಮನೆಗೆ ನಡೆದು ಜನರನ್ನು ಒಪ್ಪಿಸಿದವರು ನಮ್ಮ ಹಿರಿಯರು. ಈ ಎರಡೂ ಕೂಡಿದ್ದರಿಂದಲೇ ಸಹಕಾರ ಬೇರೂರಿತು.

ಇನ್ನೊಬ್ಬರಾದರೆ ಪಿಂಚಣಿ ತೆಗೆದುಕೊಂಡು ಹಡಗು ಹತ್ತಿ ಊರಿಗೆ ಹೋಗುತ್ತಿದ್ದರು. ನಿಕಲ್ಸನ್ 1904ರಲ್ಲಿ ನಿವೃತ್ತರಾದವರು, ಮರುವರ್ಷವೇ ಮೀನುಗಾರಿಕೆಯ ಕೆಲಸಕ್ಕಿಳಿದರು! ವಯಸ್ಸು ಅರವತ್ತರ ಹತ್ತಿರ. ಯುರೋಪು, ಜಪಾನುಗಳ ಮೀನುಗಾರಿಕೆಯನ್ನು ಕಂಡು ಬಂದರು. ಮಲಬಾರಿನ ತಾನೂರಿನಲ್ಲಿ ಪ್ರಯೋಗ ಕೇಂದ್ರ ತೆರೆದರು. ನಮ್ಮ ಕಡಲಲ್ಲಿ ಬೂತಾಯಿ ರಾಶಿ ಬಿದ್ದ ವರ್ಷ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಕೇಳುವವರಿಲ್ಲದೆ ಕೊಳೆಯುತ್ತದೆ. ಆಗ ಕೊಳೆಸಿಯೇ ಎಣ್ಣೆ ತೆಗೆಯುತ್ತಿದ್ದರು, ನಾತ ವಿಪರೀತ. ತಾಜಾ ಮೀನನ್ನೇ ಬೇಯಿಸಿ ಹಿಂಡಿದರೆ ಒಳ್ಳೆ ಎಣ್ಣೆ, ಉಳಿದ ಹಿಂಡಿ ಒಳ್ಳೆ ಗೊಬ್ಬರ ಅಂತ ಅವರು ಮಾಡಿ ತೋರಿಸಿದರು. ದುಬಾರಿ ಯಂತ್ರ ತರಲಿಲ್ಲ, ಮೀನುಗಾರನ ಕೈಗೆ ಎಟಕುವ ಸಾಮಾನಿನಲ್ಲೇ ಮಾಡಿದರು. ಇಂಥ ಸಣ್ಣ ಕಾರ್ಖಾನೆಗಳು ಮಲಬಾರು, ದಕ್ಷಿಣ ಕನ್ನಡದ ಕರಾವಳಿಯುದ್ದಕ್ಕೂ ಎದ್ದವು. 1918ರವರೆಗೆ ಈ ಕೆಲಸ ನಡೆಸಿ, ನೀಲಗಿರಿಯ ಕೂನೂರಿನಲ್ಲಿ ನೆಲೆಸಿ, 1936ರಲ್ಲಿ ತೀರಿಕೊಂಡರು.

ಕಲೆಕ್ಟರು, ಲೇಖಕ, ಬ್ಯಾಂಕಿನ ಪಂಡಿತ, ಕ್ಷಾಮ ಆಯೋಗದ ಸದಸ್ಯ, ಮೀನುಗಾರಿಕೆಯ ನಿರ್ದೇಶಕ. ಕೆಲಸ ಬೇರೆ ಬೇರೆ, ಹಿಡಿದ ದಾರಿ ಒಂದೇ: ಹೋಗಿ ನೋಡುವುದು, ಕಲಿಯುವುದು, ಬಡವನಿಗೆ ಒಗ್ಗುವಂತೆ ಮಾಡಿಕೊಡುವುದು. ಪರದೇಶದ ಸರಕಾರದ ನೌಕರ ಅನ್ನುವುದು ನಿಜ. ಕಲಿಯಬೇಕಾದ ಗುಣವನ್ನು ಯಾರಿಂದಲಾದರೂ ಕಲಿಯಬಹುದು.

ಇಂದು ನಮ್ಮ ಸಂಘಗಳಿಗೆ ಕಟ್ಟಡ ಇದೆ, ಕಂಪ್ಯೂಟರ್ ಇದೆ. ಆದರೆ ಜಾಮೀನು ನಿಂತ ನೆರೆಯವನ ಮನೆಗೆ ನೋಟೀಸು ಹೋದಾಗ, ಸಾಲ ಪಡೆದವನು ರಸ್ತೆ ಬದಲಿಸಿ ನಡೆಯುವುದನ್ನೂ ನಾವು ಕಾಣುತ್ತೇವೆ. ಮನ್ನಾ ಬಂದೀತು ಅಂತ ಕಟ್ಟುವ ಶಕ್ತಿಯಿದ್ದವರೂ ಕಾಯುತ್ತಾರೆ. ಸುಸ್ತಿಯಾದದ್ದು ಸರಕಾರದ ಹಣವಲ್ಲ, ಹೈನು ಮಾಡಿ ಠೇವಣಿಯಿಟ್ಟ ಯಾರೋ ಒಬ್ಬ ತಾಯಿಯದು. ಒಬ್ಬನಿಗೆ ಎಲ್ಲರೂ ಹೊಣೆ ಎಂಬ ಹಳೇ ಕಾನೂನು ಪುಸ್ತಕದಲ್ಲಿ ಸಡಿಲಾಗಿರಬಹುದು, ಮನಸ್ಸಿನಲ್ಲಿ ಸಡಿಲಾದರೆ ಸಂಘ ಉಳಿಯದು.

ಆದ್ದರಿಂದ ಮುಂದಿನ ಇಪ್ಪತ್ತೈದು ವರ್ಷಗಳಿಗೆ ನಮಗೆ ಬೇಕಾದದ್ದು ಬರೀ ಬಂಡವಾಳವಲ್ಲ. ಸಂಬಳ ಕೇಳದೆ ಓಡಾಡುವ, ಲೆಕ್ಕ ಸ್ವಚ್ಛ ಇಡುವ, ಕೊಟ್ಟ ಮಾತಿಗೆ ನಿಲ್ಲುವ ಯುವಕ ಯುವತಿಯರು ಬೇಕು. ಅವರನ್ನು ದೂರ ಹುಡುಕಬೇಕಾಗಿಲ್ಲ, ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ಮುಂದಿನ ಮಹಾಸಭೆಗೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ ಎಂದು ವಿನಂತಿಸುತ್ತೇವೆ.