ಗುಳಿಗೆಯ ಗುಲ್ಲು, ಹೆತ್ತವರ ಅಳಲು

ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ 1970ರ ಜೂನ್ 29ರಂದು ಒಂದು ವರದಿ ಪ್ರಕಟಿಸಿತು. ನೆಬ್ರಾಸ್ಕ ರಾಜ್ಯದ ಒಮಾಹಾ ನಗರದ ಶಾಲಾ ಮಕ್ಕಳಲ್ಲಿ ಶೇಕಡಾ 5ರಿಂದ 10ರಷ್ಟು ಮಂದಿಗೆ ನಡವಳಿಕೆ ತಿದ್ದುವ ಔಷಧ ಕೊಡಲಾಗುತ್ತಿದೆ ಎಂಬುದು ಅದರ ಸಾರಾಂಶ. ಓದಿದವರು ಬೆಚ್ಚಿಬಿದ್ದರು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಪ್ರತಿನಿಧಿ ಸಭೆಯ ಉಪಸಮಿತಿಯೊಂದು ವಿಚಾರಣೆಯನ್ನೂ ನಡೆಸಿತು. ಅಂಕಿ ಬಹಳ ಉಬ್ಬಿದ್ದೆಂಬುದು ಆಮೇಲೆ ಗೊತ್ತಾಯಿತು. ಆದರೆ ಮೊದಲ ಸುದ್ದಿಗಿದ್ದ ವೇಗ ತಿದ್ದುಪಡಿಗೆ ಎಲ್ಲಿಂದ ಬರಬೇಕು? ತುಂಟ ಮಕ್ಕಳ ಮೇಲೆ ಹೆತ್ತವರೇ ಮಂಕುಬೂದಿ ಎರಚುತ್ತಿದ್ದಾರೆ ಎಂಬ ಭಾವನೆ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಇಂದು ಎಡಿಎಚ್‌ಡಿ ಎಂದು ಕರೆಯುವ ತೊಂದರೆ ಬರಿಯ ತುಂಟತನವಲ್ಲ. ಗಮನ ನಿಲ್ಲದೆ, ಕೂತಲ್ಲಿ ಕೂರಲಾಗದೆ, ಮನಸ್ಸಿಗೆ ಬಂದದ್ದನ್ನು ತಡೆಯಲಾಗದೆ ಮಗು ಮನೆಯಲ್ಲೂ ಶಾಲೆಯಲ್ಲೂ ಸೋಲುತ್ತಾ ಹೋಗುತ್ತದೆ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಔಷಧ ಸಿಕ್ಕಿದ್ದು ಮಾತ್ರ ಆಕಸ್ಮಿಕ. ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಮಿದುಳಿನ ಕ್ಷಕಿರಣ ಪರೀಕ್ಷೆಗಾಗಿ ಬೆನ್ನುಹುರಿಯ ದ್ರವ ತೆಗೆಯುತ್ತಿದ್ದರು. ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದಕ್ಕೆಂದು ಡಾ. ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟರು. ತಲೆನೋವು ಹೆಚ್ಚೇನೂ ಇಳಿಯಲಿಲ್ಲ, ಆದರೆ ಪಾಠ ಹತ್ತತೊಡಗಿತು! 1937ರಲ್ಲಿ ಅವರು ವರದಿ ಮಾಡಿದ 30 ಮಕ್ಕಳಲ್ಲಿ 14 ಮಂದಿಯ ಓದಿನಲ್ಲಿ ಎದ್ದುಕಾಣುವ ಸುಧಾರಣೆಯಾಗಿತ್ತು. ಮಕ್ಕಳೇ ಅದನ್ನು ‘ಲೆಕ್ಕದ ಗುಳಿಗೆ’ ಎಂದು ಕರೆದರಂತೆ. ಮುಂದೆ ಹೆಸರುವಾಸಿಯಾದ ರಿಟಾಲಿನ್ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯಲ್ಲಿ 1944ರಲ್ಲಿ ತಯಾರಾಯಿತು. ಅದನ್ನು ತಯಾರಿಸಿದ ರಸಾಯನತಜ್ಞ ತನ್ನ ಹೆಂಡತಿ ರೀಟಾಳ ಹೆಸರನ್ನೇ ಇಟ್ಟ. ಟೆನಿಸ್ ಆಡುವ ಮುನ್ನ ಆಕೆ ಅದನ್ನು ಸೇವಿಸುತ್ತಿದ್ದಳು.

ಅಂದರೆ ಇದು ನಿದ್ದೆ ಬರಿಸುವ ಮದ್ದಲ್ಲ, ಎಚ್ಚರಿಸುವ ಮದ್ದು. ಮಿದುಳಿನಲ್ಲಿ ಡೋಪಮೈನ್, ನಾರ್ ಅಡ್ರಿನಲಿನ್‌ಗಳ ಲಭ್ಯತೆ ಹೆಚ್ಚಿಸಿ ಗಮನಕ್ಕೆ ಹಿಡಿತ ಕೊಡುತ್ತದೆ. ‘ಮಂಕುಬೂದಿ’ಯ ಕಥೆಗೆ ಈ ವಿವರ ಹೊಂದುವುದಿಲ್ಲ.

1987ರ ಸುಮಾರಿಗೆ ಗುಲ್ಲು ಮತ್ತೆ ಎದ್ದಿತು. ಸೈಂಟಾಲಜಿ ಪಂಥ ಹುಟ್ಟುಹಾಕಿದ ಸಂಘಟನೆಯೊಂದು ರಿಟಾಲಿನ್ ವಿರುದ್ಧ ಪ್ರಚಾರಕ್ಕಿಳಿಯಿತು. ಮೊಕದ್ದಮೆಗಳ ಬೆದರಿಕೆ ಬಂತು, ಟಿ.ವಿ. ಮಾತುಕತೆಗಳು ಅದನ್ನೇ ಹಿಡಿದುಕೊಂಡವು. ಪರಿಣಾಮವನ್ನು ಅಳೆಯಲು ಸಾಧ್ಯವಾದದ್ದು ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿಯಲ್ಲಿ. ಅಲ್ಲಿ ಔಷಧ ಪಡೆಯುವ ವಿದ್ಯಾರ್ಥಿಗಳ ಲೆಕ್ಕವನ್ನು ಶಾಲಾ ದಾದಿಯರ ಮೂಲಕ 1971ರಿಂದಲೂ ಇಡಲಾಗಿತ್ತು. 1989ರಿಂದ 1991ರೊಳಗೆ ಈ ಸಂಖ್ಯೆ ಸುಮಾರು ಶೇಕಡಾ 40ರಷ್ಟು ಕುಸಿಯಿತು. ಮದ್ದು ಬಿಟ್ಟ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಶಾಲೆಯಲ್ಲಿ ತೀವ್ರ ತೊಂದರೆಗೆ ಸಿಕ್ಕಿದರು; ನಪಾಸಾದರು, ಇಲ್ಲವೇ ಅಮಾನತುಗೊಂಡರು. ಪ್ರಚಾರ ಮಾಡಿದವರು ಆ ಮಕ್ಕಳ ಮನೆಗೆ ಹೋಗಿ ನೋಡಬೇಕಾಗಿರಲಿಲ್ಲವಲ್ಲ!

ಅದೇ 1987ರಲ್ಲಿ ಫ್ಲಾರಿಡಾದ ತಂದೆತಾಯಿಯರು ‘ಚಾಡ್’ ಎಂಬ ಸಂಘ ಕಟ್ಟಿದರು. ಹೊಡೆದು ಬುದ್ಧಿ ಕಲಿಸಲಾಗದ ತಾಯಿ, ಸೋಮಾರಿ ಶಿಕ್ಷಕ, ಚೀಟಿ ಬರೆಯುವ ಆತುರದ ವೈದ್ಯ — ಇವರಷ್ಟೇ ಸುದ್ದಿಯಾಗುವುದೇಕೆ ಎಂಬುದು ಇಂಥ ಹೆತ್ತವರ ಅಳಲು. ನ್ಯಾಯವಾದ ಅಳಲೇ. ಆದರೆ ಸಂಘವೂ ಎಡವಿತು. ರಿಟಾಲಿನ್ ತಯಾರಕರಿಂದ ಅದಕ್ಕೆ ಲಕ್ಷಾಂತರ ಡಾಲರ್ ಸಂದಿತ್ತೆಂದು 1995ರಲ್ಲಿ ಸಾಕ್ಷ್ಯಚಿತ್ರವೊಂದು ಬಯಲು ಮಾಡಿತು. ಇಲ್ಲಿ ಮಾಧ್ಯಮ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಏಟು ತಿಂದವರು ಮಾತ್ರ ಆ ಹಣವನ್ನು ಕಣ್ಣಲ್ಲೂ ಕಾಣದ ಸಾಮಾನ್ಯ ಪೋಷಕರು.

ಗುಳಿಗೆ ಗುಣ ಕೊಡುವುದೇ? ಅಮೆರಿಕ ಸರ್ಕಾರದ ನೆರವಿನಿಂದ 579 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1999ರಲ್ಲಿ ಬಂತು. ಎಚ್ಚರದಿಂದ ಪ್ರಮಾಣ ಹೊಂದಿಸಿ ಕೊಟ್ಟ ಔಷಧ 14 ತಿಂಗಳಲ್ಲಿ ಮುಖ್ಯ ಲಕ್ಷಣಗಳನ್ನು ಬರಿಯ ನಡವಳಿಕೆ ತರಬೇತಿಗಿಂತ ಚೆನ್ನಾಗಿ ತಗ್ಗಿಸಿತ್ತು. 2007ರಲ್ಲಿ ಹೊರಬಂದ ಮೂರು ವರ್ಷಗಳ ಲೆಕ್ಕದಲ್ಲಿ ಗುಂಪುಗಳ ನಡುವೆ ಆ ಅಂತರ ಉಳಿದಿರಲಿಲ್ಲ. ಎರಡೂ ನಿಜ, ಎರಡನ್ನೂ ಒಂದೇ ತಲೆಬರಹದಲ್ಲಿ ಹಿಡಿಸುವುದು ಕಷ್ಟ. ಸತತವಾಗಿ ಔಷಧ ತೆಗೆದುಕೊಂಡ ಮಕ್ಕಳ ಎತ್ತರ ಸುಮಾರು 2 ಸೆಂಟಿಮೀಟರ್ ಕಡಿಮೆ ಇತ್ತೆಂಬುದನ್ನೂ ಅದೇ ಅಧ್ಯಯನ ದಾಖಲಿಸಿತು. ಬೆಳಗಿನ ಗುಳಿಗೆ ಕೈಗೆತ್ತಿಕೊಳ್ಳುವ ತಾಯಿ ಇದನ್ನೂ, ಇಳಿದ ಹಸಿವನ್ನೂ, ಶಾಲೆಯಿಂದ ಬರುವ ದೂರನ್ನೂ ಒಟ್ಟಿಗೇ ತೂಗಬೇಕು.