ಜನಮತ ಗೆದ್ದು ಪದವಿ ಸೋತವರು: ಅಮೆರಿಕದ ಅಧ್ಯಕ್ಷ ಚುನಾವಣೆ ಮತ್ತು ಮರುಸ್ಪರ್ಧೆಯ ಪ್ರಶ್ನೆ

ಅಮೆರಿಕದ ಇತಿಹಾಸದಲ್ಲಿ ಐದು ಸಲ, ಅಂದರೆ 1824, 1876, 1888, 2000 ಮತ್ತು 2016ರಲ್ಲಿ, ಹೆಚ್ಚು ಜನರ ಮತ ಪಡೆದ ಅಭ್ಯರ್ಥಿಗೆ ಅಧ್ಯಕ್ಷ ಪದವಿ ದಕ್ಕಲಿಲ್ಲ. ಈ ಐವರಲ್ಲಿ ಆಂಡ್ರೂ ಜಾಕ್ಸನ್ ಮತ್ತು ಗ್ರೋವರ್ ಕ್ಲೀವ್‌ಲ್ಯಾಂಡ್ ನಾಲ್ಕು ವರ್ಷಗಳ ನಂತರ ಮತ್ತೆ ನಿಂತು ಗೆದ್ದರು. ಸ್ಯಾಮ್ಯುಯೆಲ್ ಟಿಲ್ಡನ್, ಆಲ್ ಗೋರ್, ಹಿಲರಿ ಕ್ಲಿಂಟನ್ ಮತ್ತೆ ಅಭ್ಯರ್ಥಿಗಳಾಗಲಿಲ್ಲ. ನಿಂತವರಿಬ್ಬರೂ ಗೆದ್ದರು ಎಂಬುದು ಮನಸೆಳೆಯುವ ಸಂಗತಿಯೇ. ಆದರೆ ಎರಡು ಪ್ರಕರಣಗಳಿಂದ ನಿಯಮ ಹುಟ್ಟುವುದಿಲ್ಲ. ಗೆಲುವಿನ ಸಾಧ್ಯತೆಯೊಂದೇ ಮರುಸ್ಪರ್ಧೆಗೆ ಸಮರ್ಥನೆಯೂ ಆಗಲಾರದು. ಮತದಾರರ ಮುಂದಿಡಲು ಸೋತವರ ಬಳಿ ಉಳಿದಿರುವುದು ತಮಗಾದ ಅನ್ಯಾಯದ ದೂರೋ, ಇತ್ಯರ್ಥವಾಗದ ನೀತಿಯ ಪ್ರಶ್ನೆಯೋ ಎಂಬುದನ್ನು ಮೊದಲು ಕೇಳಬೇಕೆಂಬುದು ಈ ಲೇಖನದ ವಾದ. 2020ರಲ್ಲಿ ಜನಮತ ಮತ್ತು ರಾಜ್ಯಗಳ ಪ್ರತಿನಿಧಿಗಳಾದ ಎಲೆಕ್ಟರ್‌ಗಳು ಹಾಕುವ, ಅಧ್ಯಕ್ಷರನ್ನು ನಿರ್ಧರಿಸುವ ಎಲೆಕ್ಟೋರಲ್ ಮತ ಎಂಬ ಎರಡೂ ಎಣಿಕೆಗಳಲ್ಲಿ ಸೋತು 2024ರಲ್ಲಿ ಗೆದ್ದ ಡೊನಾಲ್ಡ್ ಟ್ರಂಪ್ ಅವರ ಪ್ರಕರಣ ಬೇರೆ ಬಗೆಯದಾದ್ದರಿಂದ ಅದನ್ನು ಇಲ್ಲಿ ಪರಿಶೀಲಿಸಿಲ್ಲ.

1824ರಲ್ಲಿ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84 ಎಲೆಕ್ಟೋರಲ್ ಮತಗಳು ಬಂದವು. ಯಾರಿಗೂ ಬಹುಮತ ಸಿಗದ ಕಾರಣ ತೀರ್ಮಾನ ಜನಪ್ರತಿನಿಧಿ ಸಭೆಗೆ ಹೋಯಿತು. ಅದು 1825ರ ಫೆಬ್ರವರಿಯಲ್ಲಿ ಆಡಮ್ಸ್‌ರನ್ನು ಆರಿಸಿತು. ಅವರನ್ನು ಬೆಂಬಲಿಸಿದ್ದ ಸಭಾಧ್ಯಕ್ಷ ಹೆನ್ರಿ ಕ್ಲೇ ವಿದೇಶಾಂಗ ಕಾರ್ಯದರ್ಶಿಯಾದರು. ಇದು ಭ್ರಷ್ಟ ಒಪ್ಪಂದ ಎಂಬ ಕೂಗೆದ್ದಿತು. (ಆಗಿದ್ದ 24 ರಾಜ್ಯಗಳ ಪೈಕಿ ಆರರಲ್ಲಿ ಜನರು ಮತ ಹಾಕಿರಲೇ ಇಲ್ಲ, ಶಾಸಕಾಂಗಗಳೇ ಎಲೆಕ್ಟರ್‌ಗಳನ್ನು ಆರಿಸಿದ್ದವು. ಜಾಕ್ಸನ್‌ಗೆ ಜನಮತ ಒಲಿದಿತ್ತು ಎನ್ನುವಾಗ ಇದನ್ನು ಮರೆಯಬಾರದು.) 1825ರ ಅಕ್ಟೋಬರ್‌ನಲ್ಲಿ ಟೆನೆಸ್ಸಿ ಶಾಸಕಾಂಗ ಜಾಕ್ಸನ್‌ರನ್ನು ಮುಂದಿನ ಚುನಾವಣೆಗೆ ಹೆಸರಿಸಿತು. ಭ್ರಷ್ಟ ಒಪ್ಪಂದದ ದೂರಿನ ಸುತ್ತ ಸೆನೆಟರ್ ಮಾರ್ಟಿನ್ ವಾನ್ ಬ್ಯೂರೆನ್ ಒಂದು ಪಕ್ಷವನ್ನೇ ಕಟ್ಟಿದರು. 1828ರ ಫಲಿತಾಂಶ 178–83.

ಜಾಕ್ಸನ್ ಗೆಲುವಿನ ಕಥೆ ಹೇಳುವವರು ಅದರ ಬೆಲೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಡಮ್ಸ್ ತಮ್ಮ ಮೊದಲ ವಾರ್ಷಿಕ ಸಂದೇಶದಲ್ಲಿ ರಸ್ತೆ, ಕಾಲುವೆಗಳ ಜೊತೆಗೆ ರಾಷ್ಟ್ರೀಯ ವಿಶ್ವವಿದ್ಯಾಲಯ ಮತ್ತು ಖಗೋಳ ವೀಕ್ಷಣಾಲಯದ ಪ್ರಸ್ತಾಪ ಮುಂದಿಟ್ಟಿದ್ದರು. ವಿಶ್ವವಿದ್ಯಾಲಯಕ್ಕಾಗಲಿ ವೀಕ್ಷಣಾಲಯಕ್ಕಾಗಲಿ ಕಾಂಗ್ರೆಸ್ಸಿನ ಒಪ್ಪಿಗೆ ಸಿಗಲಿಲ್ಲ. ನಾಲ್ಕು ವರ್ಷ ನಡೆದ ಮರುಸ್ಪರ್ಧೆಯ ತಯಾರಿ ಒಂದು ಸರ್ಕಾರದ ಕೈಕಟ್ಟುವಲ್ಲಿ ದೊಡ್ಡ ಪಾತ್ರ ವಹಿಸಿತು.

1876ರಲ್ಲಿ ಟಿಲ್ಡನ್ 185–184ರಿಂದ ಸೋತರು. ತಕರಾರಿದ್ದ ರಾಜ್ಯಗಳ ಮತಗಳನ್ನು 15 ಜನರ ಆಯೋಗ 8–7ರ ತೀರ್ಮಾನದಿಂದ ಎದುರಾಳಿಗೆ ಕೊಟ್ಟಿತ್ತು. ಅವರ ದೂರಿಗೆ ಜಾಕ್ಸನ್‌ರದ್ದಕ್ಕಿಂತ ಗಟ್ಟಿ ಆಧಾರವಿತ್ತು. ಆದರೆ ಅವರ ಕಡೆಯವರು ಎಲೆಕ್ಟರ್‌ಗಳನ್ನು ಕೊಳ್ಳಲು ಮಾತುಕತೆ ನಡೆಸಿದ್ದ ಗೂಢಲಿಪಿ ತಂತಿ ಸಂದೇಶಗಳು 1878ರಲ್ಲಿ ಬಯಲಾದವು. ದೂರನ್ನೇ ನೆಚ್ಚಿದ್ದ ಉಮೇದುವಾರಿಕೆಗೆ ಅಲ್ಲಿಗೆ ನೆಲೆ ತಪ್ಪಿತು. 1880ರಲ್ಲಿ ಅವರೇ ಹಿಂದೆ ಸರಿದರು.

ಕ್ಲೀವ್‌ಲ್ಯಾಂಡ್ ಅವರದು ಬೇರೆ ದಾರಿ. ಅಧ್ಯಕ್ಷರಾಗಿದ್ದಾಗಲೇ, 1887ರ ಡಿಸೆಂಬರ್‌ನ ವಾರ್ಷಿಕ ಸಂದೇಶವನ್ನು ಪೂರ್ತಿಯಾಗಿ ಆಮದು ಸುಂಕದ ಇಳಿಕೆಗೇ ಮೀಸಲಿಟ್ಟರು. ಚುನಾವಣೆ ಹತ್ತಿರವಿರುವಾಗ ಅದು ಅಪಾಯವೆಂದು ಬಲ್ಲವರು ಎಚ್ಚರಿಸಿದ್ದರು. 1888ರಲ್ಲಿ ಜನಮತದಲ್ಲಿ ಮುಂದಿದ್ದೂ ತವರು ರಾಜ್ಯ ನ್ಯೂಯಾರ್ಕಿನ 36 ಎಲೆಕ್ಟೋರಲ್ ಮತ ಕಳೆದುಕೊಂಡು 233–168ರಿಂದ ಸೋತರು. 1890ರಲ್ಲಿ ಮೆಕಿನ್ಲೆ ಕಾಯ್ದೆ ಸುಂಕವನ್ನು ಮತ್ತಷ್ಟು ಏರಿಸಿತು. ಬೆಲೆಯೇರಿಕೆಯ ಆತಂಕದ ನಡುವೆ ಕೆಲವೇ ವಾರಗಳಲ್ಲಿ ನಡೆದ ಕಾಂಗ್ರೆಸ್ ಚುನಾವಣೆಯಲ್ಲಿ ಸ್ವತಃ ಕಾಯ್ದೆಯ ರೂವಾರಿ ಮೆಕಿನ್ಲೆಯೇ ಸ್ಥಾನ ಕಳೆದುಕೊಂಡರು. ಕ್ಲೀವ್‌ಲ್ಯಾಂಡ್ ಸೋತ ವಾದ ಎರಡೇ ವರ್ಷಗಳಲ್ಲಿ ಜನರ ಅನುಭವದ ಬಲ ಪಡೆಯಿತು. 1892ರಲ್ಲಿ ಮತದಾರರು ಅದೇ ಪ್ರಶ್ನೆಗೆ ಬೇರೆ ಉತ್ತರ ಕೊಡಲು ಅವಕಾಶವಿತ್ತು. 277–145ರ ಗೆಲುವಿನಲ್ಲಿ ಕಾಣುವುದು ಆ ಉತ್ತರ. ಎರಡನೆಯ ಅವಧಿ 1893ರ ಆರ್ಥಿಕ ಕುಸಿತದಲ್ಲಿ ಮುಳುಗಿದ್ದು ನಿಜ. ಮರುಸ್ಪರ್ಧೆಯ ಔಚಿತ್ಯವನ್ನು ಅದು ಕುಂದಿಸುವುದಿಲ್ಲ.

ಈ ಬೆಳಕಿನಲ್ಲಿ ಆಲ್ ಗೋರ್ ಅವರ ನಿರ್ಧಾರವನ್ನು ಮತ್ತೆ ನೋಡಬೇಕಾಗಿದೆ. 2000ರಲ್ಲಿ ದೇಶಾದ್ಯಂತ ಸುಮಾರು 5.4 ಲಕ್ಷ ಮತಗಳಿಂದ ಮುಂದಿದ್ದ ಅವರು ಫ್ಲೋರಿಡಾದಲ್ಲಿ 537 ಮತಗಳಿಂದ ಸೋತರು. ಮರುಎಣಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆ ಬಳಿಕ ಅವರ ಕೈಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಸಂಸದೀಯ ಪದ್ಧತಿಯಲ್ಲಿ ಸೋತ ನಾಯಕರಿಗೆ ಸದನದ ದಾರಿ ತೆರೆದಿರುತ್ತದೆ: 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ ಮರುವರ್ಷವೇ ಚಿಕ್ಕಮಗಳೂರಿನ ಉಪಚುನಾವಣೆಯಿಂದ ಲೋಕಸಭೆಗೆ ಮರಳಿದರು. ಅಮೆರಿಕದಲ್ಲಿ ಸೋತ ಅಧ್ಯಕ್ಷೀಯ ಅಭ್ಯರ್ಥಿಗೆ ವಿರೋಧ ಪಕ್ಷದ ನಾಯಕನೆಂಬ ಪೀಠವಿಲ್ಲ.

2002ರ ಡಿಸೆಂಬರ್‌ನಲ್ಲಿ ಗೋರ್ ತಾವು ನಿಲ್ಲುವುದಿಲ್ಲವೆಂದು ಪ್ರಕಟಿಸಿದರು. ತಮ್ಮನ್ನು ಸೋಲಿಸಿ ಅಧ್ಯಕ್ಷರಾಗಿದ್ದ ಬುಷ್ ಜೊತೆ ಮತ್ತೊಮ್ಮೆ ಸೆಣಸಿದರೆ ಚರ್ಚೆ ಹಿಂದಿನದಕ್ಕೇ ಅಂಟಿಕೊಳ್ಳುತ್ತದೆ ಎಂಬುದು ಅವರು ಕೊಟ್ಟ ಕಾರಣ. ತಮ್ಮನ್ನು ಜಾಕ್ಸನ್ ಸಾಲಿನಲ್ಲಿ ಕಂಡವರ ಕಾರಣ ಇದು. ಅಷ್ಟರ ಮಟ್ಟಿಗೆ ಅದು ಗೌರವಯೋಗ್ಯವೂ ಹೌದು. ಆದರೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಇರಾಕ್ ಯುದ್ಧದ ಸಿದ್ಧತೆಯನ್ನು ಬಹಿರಂಗವಾಗಿ ವಿರೋಧಿಸಿ ಮಾತನಾಡಿದ್ದರು. ಕ್ಲೀವ್‌ಲ್ಯಾಂಡ್‌ಗೆ ಸುಂಕವಿದ್ದಂತೆ ಗೋರ್‌ಗೆ ಯುದ್ಧದ ಪ್ರಶ್ನೆಯಿತ್ತು. ಅದು ಫ್ಲೋರಿಡಾದ ಹಳೆಯ ಲೆಕ್ಕವಾಗಿರಲಿಲ್ಲ, ಮುಂದೆ ಸಾಯಲಿದ್ದವರ ಪ್ರಶ್ನೆಯಾಗಿತ್ತು. ನನ್ನ ದೃಷ್ಟಿಯಲ್ಲಿ ಗೋರ್ ನಿಲ್ಲಬೇಕಿತ್ತು, ಸೋಲುವ ಸಂಭವವಿದ್ದರೂ ನಿಲ್ಲಬೇಕಿತ್ತು. 2004ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸ್ಪರ್ಧಿಸಿದ ಜಾನ್ ಕೆರಿ 2002ರ ಅಕ್ಟೋಬರ್‌ನಲ್ಲಿ ಯುದ್ಧಾಧಿಕಾರದ ನಿರ್ಣಯದ ಪರವಾಗಿ ಮತ ಹಾಕಿದ್ದವರು. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಕೂಡ. ಎರಡು ಪ್ರಮುಖ ಪಕ್ಷಗಳ ಮತಪತ್ರದಲ್ಲಿ ಆ ಯುದ್ಧವನ್ನು ಮೊದಲೇ ವಿರೋಧಿಸಿದ್ದ ಒಂದು ಹೆಸರೂ ಮತದಾರರಿಗೆ ಸಿಗಲಿಲ್ಲ.