ಸೂಚಿ ಮರೆಯಾದ ಮೇಲೆ: ವಾಣಿಜ್ಯ ಸಂಶೋಧನಾ ದತ್ತಸಂಚಯಗಳ ಇಳಿಗಾಲ ಮತ್ತು ಹಾವೇರಿ ಸೀಮೆಯ ಭಾಷಾಧ್ಯಯನ

ಸಾರಾಂಶ: ಭಾಷಾವಿಜ್ಞಾನದ ವಾಣಿಜ್ಯ ದತ್ತಸಂಚಯಗಳ ಏಳುಬೀಳನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪರಿಸರದ ಅಧ್ಯಯನವನ್ನು ಮುಂದಿಟ್ಟುಕೊಂಡು ಈ ಲೇಖನ ಪರಿಶೀಲಿಸುತ್ತದೆ. ಉಚಿತ ಶೋಧಸಾಧನಗಳು ಪ್ರವೇಶದ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದರೂ ಸೂಚೀಕರಣವೆಂಬ ಶ್ರಮದ ಸ್ಥಾನವನ್ನು ತುಂಬಿಲ್ಲ. ಆಡಳಿತದ ಗಡಿ, ಕಾಗುಣಿತ, ಅಕ್ಷರಸಂಕೇತ ಮೂರೂ ಬದಲಾದ ಸೀಮೆಯಲ್ಲಿ ಈ ಕೊರತೆ ಹೆಚ್ಚು ಬಾಧಿಸುತ್ತದೆ ಎಂಬುದು ನಮ್ಮ ಪ್ರತಿಪಾದನೆ.

1. ಸಮಸ್ಯೆ

‘ಈ ವಿಷಯದ ಮೇಲೆ ಇದುವರೆಗೆ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯ ನಮ್ಮ ಮಹಾಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿ ಇದನ್ನು ಬರೆಯುವುದು ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ, ಹುಡುಕಿದ್ದಾನೆ, ಸಿಕ್ಕಿಲ್ಲ. ಆದರೆ ಸಿಗದಿರುವುದು ಇಲ್ಲದಿರುವುದಕ್ಕೆ ಸಮನಲ್ಲ. ಇವೆರಡರ ನಡುವಿನ ಅಂತರವನ್ನು ಒಂದು ಕಾಲಕ್ಕೆ ಸೂಚಿಕಾರರು ತಕ್ಕಮಟ್ಟಿಗೆ ಕಾಯುತ್ತಿದ್ದರು. ಆ ಕಾವಲು ಹೇಗೆ ಸಡಿಲವಾಯಿತು, ಅದರಿಂದ ಒಂದು ಸೀಮೆಯ ಕನ್ನಡದ ಅಧ್ಯಯನಕ್ಕೆ ಏನಾಯಿತು ಎಂಬುದನ್ನು ನಾವು ಇಲ್ಲಿ ನೋಡಬಯಸುತ್ತೇವೆ.

2. ಸೂಚಿಗಳ ಕಾಲ

ಭಾಷಾವಿಜ್ಞಾನಕ್ಕೆ ಮೂರು ದೊಡ್ಡ ಸೂಚಿಗಳು ಒದಗಿದ್ದವು. ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 1920ರ ದಶಕದಲ್ಲಿ ವಾರ್ಷಿಕ ಗ್ರಂಥಸೂಚಿಯನ್ನು ಆರಂಭಿಸಿತು. ಭಾಷಾವಿಜ್ಞಾನಿಗಳ ಅಂತರರಾಷ್ಟ್ರೀಯ ಶಾಶ್ವತ ಸಮಿತಿಯ ಗ್ರಂಥಸೂಚಿ ಎರಡನೆಯ ಮಹಾಯುದ್ಧದ ಬಳಿಕ, 1949ರಿಂದ ಹೊರಬರತೊಡಗಿತು. 1967ರಲ್ಲಿ ಆರಂಭವಾದ ‘ಲ್ಯಾಂಗ್ವೇಜ್ ಅಂಡ್ ಲ್ಯಾಂಗ್ವೇಜ್ ಬಿಹೇವಿಯರ್ ಅಬ್‌ಸ್ಟ್ರಾಕ್ಟ್ಸ್’ ಲೇಖನಗಳ ಸಾರವನ್ನೂ ಕೊಡುತ್ತಿತ್ತು. 1972ರಲ್ಲಿ ಡಯಲಾಗ್ ಸೇವೆ ವಾಣಿಜ್ಯ ರೂಪ ತಳೆದ ಮೇಲೆ ಇಂಥ ಸೂಚಿಗಳು ಕ್ರಮೇಣ ಗಣಕಕ್ಕೆ ಬಂದವು. ಆಗ ಶೋಧಕ್ಕೆ ಬಳಸಿದ ಸಮಯವನ್ನು ಲೆಕ್ಕಹಾಕಿ ಹಣ ತೆರಬೇಕಿತ್ತು. ಆದ್ದರಿಂದ ಸಂಶೋಧಕನ ಪರವಾಗಿ ಗ್ರಂಥಪಾಲಕರೇ, ಪದಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಹುಡುಕುತ್ತಿದ್ದರು.

ಈ ಸಾಧನಗಳ ನಿಜವಾದ ಬೆಲೆ ಇದ್ದದ್ದು ಸೂಚೀಕರಣದಲ್ಲಿ. ವಿಷಯ ಬಲ್ಲವರೊಬ್ಬರು ಲೇಖನವನ್ನು ಓದಿ, ಅದು ಯಾವುದರ ಬಗ್ಗೆ ಎಂಬುದನ್ನು ನಿಯಂತ್ರಿತ ಪದಾವಳಿಯಿಂದ ಆಯ್ದ ಪದಗಳಲ್ಲಿ ಗುರುತಿಸುತ್ತಿದ್ದರು. ಶೀರ್ಷಿಕೆಯಲ್ಲಿ ‘ಉಪಭಾಷೆ’ ಎಂಬ ಪದವಿಲ್ಲದಿದ್ದರೂ ಉಪಭಾಷೆಯ ಲೇಖನ ಆ ತಲೆಬರಹದಡಿ ಸಿಗುತ್ತಿತ್ತು.

ಈ ವ್ಯವಸ್ಥೆಯ ದೋಷಗಳನ್ನು ಮರೆಮಾಚುವುದು ಸಲ್ಲದು. ಅದರ ಚಂದಾ ಜಿಲ್ಲಾ ಕೇಂದ್ರದ ಕಾಲೇಜಿನ ಕೈಗೆಟುಕುವಂಥದಾಗಿರಲಿಲ್ಲ; ಕನ್ನಡದಲ್ಲಿಯೇ ಪ್ರಕಟವಾದ ಬರಹ ಅದರೊಳಗೆ ಬಂದದ್ದು ವಿರಳ. ಹಾವೇರಿಯ ವಿದ್ಯಾರ್ಥಿಗೆ ಧಾರವಾಡದ ಗ್ರಂಥಾಲಯವೂ ಮಾರ್ಗದರ್ಶಕರ ನೆನಪೂ ಆಧಾರವಾಗಿದ್ದವು. ನಾವು ಕಳೆದುಕೊಂಡದ್ದು ನಮ್ಮ ಕೈಯಲ್ಲಿದ್ದ ಸೂಚಿಯನ್ನಲ್ಲ. ಕನ್ನಡಕ್ಕೆ ಇನ್ನೂ ರೂಢಿಸಿಕೊಳ್ಳಬೇಕಾಗಿದ್ದ ಒಂದು ಪದ್ಧತಿಯ ಮಾದರಿಯನ್ನು.

3. ಉಚಿತ ಶೋಧದ ಕಾಲ

2004ರ ನವೆಂಬರಿನಲ್ಲಿ ಗೂಗಲ್ ಸ್ಕಾಲರ್ ಬಂದಿತು. ಅದು ಮನುಷ್ಯರ ಸೂಚೀಕರಣವನ್ನು ಬಿಟ್ಟು ಪಠ್ಯವನ್ನೇ ಯಂತ್ರದಿಂದ ಓದಿಸಿತು. ಸಾರ ಮತ್ತು ಸೂಚಿಗೆ ಮಾತ್ರ ಹಣ ಕೊಡುವುದೇಕೆಂಬ ಪ್ರಶ್ನೆ ಗ್ರಂಥಾಲಯಗಳಲ್ಲಿ ಎದ್ದಿತು. ಪ್ರತ್ಯೇಕ ವಿಷಯಸೂಚಿಗಳು ದೊಡ್ಡ ಸಂಸ್ಥೆಗಳ ಸಗಟು ಸಂಗ್ರಹಗಳಲ್ಲಿ ಸೇರಿಹೋದವು. ಮೇಲೆ ಹೇಳಿದ ಸಾರಸಂಗ್ರಹ ಪ್ರೋಕ್ವೆಸ್ಟ್ ಸಂಸ್ಥೆಯ ಪಾಲಾಯಿತು. ಆ ಸಂಸ್ಥೆಯನ್ನು 2021ರ ಡಿಸೆಂಬರಿನಲ್ಲಿ ಕ್ಲಾರಿವೇಟ್ ಕೊಂಡಿತು.

ಭಾರತದಲ್ಲಿ ಉಚಿತ ಸಂಗ್ರಹಗಳು ಅಷ್ಟೇ ವೇಗವಾಗಿ ಬೆಳೆದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿತು. ಅವುಗಳಿಗಾಗಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ‘ಶೋಧಗಂಗಾ’ವನ್ನು ರೂಪಿಸಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿ ಬಂದಿತು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ಷಿಕಾಗೋ ವಿಶ್ವವಿದ್ಯಾಲಯ ಮುಕ್ತವಾಗಿ ಒದಗಿಸಿದೆ. ಬ್ಯಾಡಗಿಯ ವಿದ್ಯಾರ್ಥಿ ಇಂದು ಇದನ್ನು ಕೈಫೋನಿನಲ್ಲಿ ತೆರೆಯಬಲ್ಲ. ಇದು ಸಣ್ಣ ಲಾಭವಲ್ಲ.

ಆದರೆ ‘ವಾಣಿಜ್ಯ ಹೋಯಿತು, ಉಚಿತ ಬಂತು’ ಎಂಬ ಸರಳ ಕಥನವನ್ನು ನಾವು ಒಪ್ಪುವುದಿಲ್ಲ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳದು. ಅದು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಒಳಗೊಂಡಿದೆ. ಪೂರ್ಣಪಠ್ಯದ ವ್ಯಾಪಾರ ಕುಗ್ಗಿಲ್ಲ. ಬೆಲೆ ಕಳೆದುಕೊಂಡದ್ದು ಸೂಚಿ. ಉಚಿತವಾದದ್ದು ಸ್ಥಿರವೂ ಅಲ್ಲ. ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಮುಚ್ಚಿತು. ಜಾಲದಲ್ಲಿ ಮುಕ್ತವಾಗಿದ್ದ ಎಥ್ನೋಲಾಗ್ ಬಳಿಕ ಶುಲ್ಕದ ಬಾಗಿಲು ಹಾಕಿಕೊಂಡಿತು. ಗ್ಲಾಟೋಲಾಗ್ ಮುಕ್ತವಾಗಿಯೇ ಉಳಿದಿದೆ.

4. ಹಾವೇರಿ ಸೀಮೆಯ ನಿದರ್ಶನ

ಹಾವೇರಿ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಹಿಂದೆ ಈ ಪ್ರದೇಶದ ಮಾತಿನ ಬಗ್ಗೆ ಬರೆದವರು ‘ಧಾರವಾಡ ಜಿಲ್ಲೆ’ ಎಂದೇ ಬರೆದಿದ್ದಾರೆ. ಇನ್ನೂ ಹಿಂದೆ, 1884ರ ಮುಂಬಯಿ ಗ್ಯಾಸೆಟಿಯರಿನ ಧಾರವಾಡ ಸಂಪುಟದ ಕಾಲಕ್ಕೆ, ಹಾವೇರಿ ಪಟ್ಟಣ ಕರಜಗಿ ತಾಲ್ಲೂಕಿಗೆ ಸೇರಿತ್ತು. ‘ಹಾವೇರಿ’ ಎಂದು ಹುಡುಕುವವನಿಗೆ ‘ಕರಜಗಿಯನ್ನೂ ನೋಡಿ’ ಎಂದು ಯಂತ್ರ ತಾನಾಗಿ ಹೇಳುವುದಿಲ್ಲ, ಸೂಚಿಕಾರ ಹೇಳುತ್ತಾನೆ.

ಶಾಸನಗಳ ವಿಷಯದಲ್ಲಿ ನದಿಯೇ ಗಡಿಯಾಗಿದೆ. ತುಂಗಭದ್ರೆಯ ಆಚೆಯ ಹರಿಹರ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿನ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿವೆ. ಈಚೆಯ ರಾಣೇಬೆನ್ನೂರಿನ ಕಡೆಯವನ್ನು ಫ್ಲೀಟ್ ಮೊದಲಾದವರ ಲೇಖನಗಳಲ್ಲಿಯೂ ದಕ್ಷಿಣ ಭಾರತದ ಶಾಸನಗಳ ಮುಂಬಯಿ ಕರ್ನಾಟಕ ಸಂಪುಟಗಳಲ್ಲಿಯೂ ಅರಸಬೇಕು. ಒಂದೇ ಮಾತಿನ ವಲಯ, ಎರಡು ಕಪಾಟು.

ಕಾಗುಣಿತದ ತೊಡಕು ಇದಕ್ಕೆ ಕೂಡುತ್ತದೆ. ರಾಣೇಬೆನ್ನೂರು, ರಾಣೆಬೆನ್ನೂರು, ರಾಣಿಬೆನ್ನೂರು. ಬ್ಯಾಡಗಿ, ಬ್ಯಾಡ್ಗಿ: ರೋಮನ್ ಲಿಪಿಗೆ ಹೋದಾಗ ಈ ರೂಪಗಳು ಇನ್ನೂ ಹೆಚ್ಚುತ್ತವೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ವೇಳೆ ಗೊರವಯ್ಯ ನುಡಿಯುವ ಒಂದು ಸಾಲಿನ ಭವಿಷ್ಯವಾಣಿ ಪತ್ರಿಕೆಗಳಲ್ಲಿ ಕಾರಣಿಕ, ಕಾರ್ಣಿಕ, ಕಾರ್ಣೀಕ ಎಂದೆಲ್ಲ ಅಚ್ಚಾಗುತ್ತದೆ. ವರ್ಷವರ್ಷದ ಈ ನುಡಿಗಳನ್ನು ಒಟ್ಟುಗೂಡಿಸಬಯಸುವವರಿಗೆ ಒಂದೇ ರೂಪದ ಶೋಧ ಅರ್ಧ ಸಾಮಗ್ರಿಯನ್ನು ಮುಚ್ಚಿಡಬಹುದು.

ಎಲ್ಲಕ್ಕಿಂತ ಗಂಭೀರವಾದುದು ಅಕ್ಷರಸಂಕೇತದ ಸಮಸ್ಯೆ. ಯೂನಿಕೋಡ್ ರೂಢಿಯಾಗುವ ಮುನ್ನ, ಕೆಲವೆಡೆ ಆ ಬಳಿಕವೂ, ಕನ್ನಡದ ಮಹಾಪ್ರಬಂಧಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಸಿದ್ಧವಾದವು. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಹಾಗೆಯೇ ಚಿತ್ರವಾಗಿ ಸೇರಿಸಿದ ಪುಟದಲ್ಲಿ ಅಕ್ಷರಗಳೇ ಇರುವುದಿಲ್ಲ. ಇಂಥ ಪ್ರಬಂಧ ಜಾಲದಲ್ಲಿ ಉಚಿತವಾಗಿದ್ದೂ ಪಠ್ಯಶೋಧಕ್ಕೆ ಅದೃಶ್ಯ.

ಕೊನೆಯದಾಗಿ ವೃತ್ತಿಪದಗಳ ಪ್ರಶ್ನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ‘ಡಬ್ಬಿ’, ‘ಕಡ್ಡಿ’ ಎಂಬ ತಳಿಭೇದದ ಹೆಸರುಗಳು ಕೃಷಿವಿಜ್ಞಾನದ ಬರಹಗಳಲ್ಲಿ ದಾಖಲಾಗಿವೆ. ಅವನ್ನು ಬರೆದವರು ಭಾಷಾವಿಜ್ಞಾನಿಗಳಲ್ಲ, ಆದ್ದರಿಂದ ‘ವೃತ್ತಿಪದ’ ಎಂಬ ಪದ ಅಲ್ಲಿ ಇರುವ ಸಂಭವ ಕಡಿಮೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ಕೃಷಿ ವೃತ್ತಿಪದಕೋಶ 1962ರಲ್ಲಿಯೇ ಬಂದಿತು. ಅಂಥ ಕೆಲಸವನ್ನು ಇಲ್ಲಿ ಕೈಗೊಳ್ಳುವವರು ಚದುರಿದ ಸಾಮಗ್ರಿಯನ್ನು ಒಂದು ವಿಷಯಪದದಡಿ ತರುವವರನ್ನು ಮೊದಲು ಅರಸಬೇಕು.

5. ಉಪಸಂಹಾರ

ವಾಣಿಜ್ಯ ಸೂಚಿಗಳು ಮರಳಿ ಬರಲೆಂದು ನಾವು ಬಯಸುವುದಿಲ್ಲ. ಬಂದರೂ ಅವು ಕನ್ನಡವನ್ನು ಓದುವುದಿಲ್ಲ. ಅವು ಬಿಟ್ಟುಹೋದ ಪದ್ಧತಿ ಬೇಕು. ಜಿಲ್ಲೆಯಲ್ಲಿಯೇ ಈಗ ಎರಡು ವಿಶ್ವವಿದ್ಯಾಲಯಗಳಿವೆ: ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ (2011) ಮತ್ತು ಹಾವೇರಿ ವಿಶ್ವವಿದ್ಯಾಲಯ (2023). ಊರ ಹೆಸರುಗಳ ರೂಪಾಂತರ, ಹಳೆಯ ತಾಲ್ಲೂಕುಗಳ ಅನ್ಯೋನ್ಯ ಸೂಚನೆ, ಪ್ರತಿ ಪ್ರಬಂಧಕ್ಕೆ ಯೂನಿಕೋಡಿನಲ್ಲಿ ಒಂದು ಸಾರ ಮತ್ತು ಐದಾರು ವಿಷಯಪದ: ಇಷ್ಟನ್ನು ಸಂಶೋಧನಾರ್ಥಿಗಳೇ ತಮ್ಮ ಪೂರ್ವಾಧ್ಯಯನ ಸಮೀಕ್ಷೆಯ ಅಂಗವಾಗಿ ಮಾಡಬಹುದು. ಫಲಿತಾಂಶ ಮುಕ್ತವಾಗಿರಲಿ, ಅದರ ಪ್ರತಿ ಒಂದಕ್ಕಿಂತ ಹೆಚ್ಚು ಕಡೆ ಇರಲಿ.

ಅಲ್ಲಿಯವರೆಗೆ ಮಹಾಪ್ರಬಂಧದ ಮೊದಲ ಅಧ್ಯಾಯದಲ್ಲಿ ಒಂದು ತಿದ್ದುಪಡಿ ಸಾಧ್ಯ. ‘ಅಧ್ಯಯನ ನಡೆದಿಲ್ಲ’ ಎನ್ನುವ ಬದಲು, ಯಾವ ಸಂಗ್ರಹದಲ್ಲಿ, ಯಾವ ಪದಗಳಿಂದ, ಯಾವ ಕಾಗುಣಿತದಲ್ಲಿ, ಯಾವ ದಿನ ಹುಡುಕಿದೆವು ಎಂಬುದನ್ನು ಬರೆಯುವುದು. ಮುಂದೆ ಹುಡುಕುವವರು ಎಲ್ಲಿಂದ ಆರಂಭಿಸಬೇಕೆಂಬುದು ಅದರಿಂದ ತಿಳಿಯುತ್ತದೆ.